ಎಂಜಿನ್ ಸರಿಯಿದೆ, ಮಾಲೀಕರು ಕೆಟ್ಟಿದ್ದಾರೆ

ಉತ್ತರ ಕನ್ನಡದಲ್ಲಿ ಕಾರು ಓಡಿಸಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ಕಾರಿನ ಜೊತೆ ಬರುವ ಪುಸ್ತಕ ಮಾತ್ರ ಹೆಚ್ಚು ಕಡಿಮೆ ಹಾಗೇ ಹೇಳುತ್ತದೆ. ನಾವು ಓದುವುದಿಲ್ಲ ಅಷ್ಟೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇನ್ಶೂರೆನ್ಸ್ ಕಾಗದ, ಹಳೇ ಟೋಲ್ ಚೀಟಿ, ಮಾರಿಕಾಂಬೆಯ ಕುಂಕುಮದ ಪೊಟ್ಟಣ, ಇವೆಲ್ಲದರ ಅಡಿಯಲ್ಲಿ ಅದು ಮಲಗಿರುತ್ತದೆ. ಒಮ್ಮೆ ತೆಗೆದು ನೋಡಿ. ಬಹಳ ಕಂಪನಿಗಳ ಪುಸ್ತಕದಲ್ಲಿ ಕೊನೆಯ ಕಡೆ ಒಂದು ಪುಟ ಇರುತ್ತದೆ, 'ಕಠಿಣ ಪರಿಸ್ಥಿತಿಯಲ್ಲಿ ಬಳಕೆ' ಅಂತ. ಗುಡ್ಡದ ರಸ್ತೆಯಲ್ಲಿ ಓಡಿಸಿದರೆ, ಉಪ್ಪಿರುವ ಕಡೆ ಓಡಿಸಿದರೆ, ಧೂಳಿನಲ್ಲಿ, ಕೆಟ್ಟ ರಸ್ತೆಯಲ್ಲಿ, ಸುಡು ಬಿಸಿಲಿನಲ್ಲಿ ಓಡಿಸಿದರೆ, ಪದೇ ಪದೇ ಸ್ವಲ್ಪ ಸ್ವಲ್ಪ ದೂರ ಓಡಿಸಿದರೆ, ಅದು ಸಾಮಾನ್ಯ ಬಳಕೆ ಅಲ್ಲ. ಆಯಿಲ್ ಬೇಗ ಬೇಗ ಬದಲಿಸಬೇಕು. ಬದಲಿಸದೆ ಎಂಜಿನ್ ಕೆಟ್ಟರೆ ನಮ್ಮನ್ನು ಕೇಳಬೇಡಿ.

ಬರೆದವರು ನಮ್ಮ ಜಿಲ್ಲೆಯ ಗೆಜೆಟಿಯರ್ ಎದುರಿಗೆ ಇಟ್ಟುಕೊಂಡೇ ಬರೆದಿರಬೇಕು. ಗುಡ್ಡದ ರಸ್ತೆ ಅಂದರೆ ದೇವಿಮನೆ, ಅರಬೈಲು, ಅಣಶಿ. ಉಪ್ಪು ಅಂದರೆ ಕಾರವಾರದಿಂದ ಭಟ್ಕಳದವರೆಗೆ ಇಡೀ ಕರಾವಳಿ. ಸಾಣಿಕಟ್ಟೆಯಲ್ಲಂತೂ ಉಪ್ಪನ್ನು ಗದ್ದೆಯಲ್ಲೇ ಬೆಳೆಯುತ್ತೇವೆ. ಧೂಳಿಗೆ ಹೆದ್ದಾರಿ 66 ಇದೆ. ಅದನ್ನು ಅಗಲ ಮಾಡಲು ಶುರು ಮಾಡಿದಾಗ ಹುಟ್ಟಿದ ಮಕ್ಕಳು ಈಗ ಶಾಲೆಗೆ ಅದೇ ಧೂಳಿನಲ್ಲಿ ಹೋಗುತ್ತಿದ್ದಾರೆ. ಬಿಸಿಲಿಗೆ ಏಪ್ರಿಲ್ ತಿಂಗಳ ಕುಮಟಾ. ಸ್ವಲ್ಪ ದೂರದ ಓಡಾಟಕ್ಕೆ ಶಿರಸಿ: ಮನೆಯಿಂದ ಹಾಲಿನ ಡೇರಿ, ಡೇರಿಯಿಂದ ಅಡಿಕೆ ಸೊಸೈಟಿ, ಅಲ್ಲಿಂದ ಮನೆ. ಕೆಟ್ಟ ರಸ್ತೆಗೆ ಉದಾಹರಣೆ ಕೊಡಲು ಹೋದರೆ ಇಡೀ ಅಂಕಣ ಅದಕ್ಕೇ ಬೇಕು.

ಹಾಗಾದರೆ ಈ ಕಾರುಗಳು ಸಾಮಾನ್ಯವಾಗಿ ಓಡುವುದು ಎಲ್ಲಿ? ಜಾಹೀರಾತಿನಲ್ಲಿ. ಜಾಹೀರಾತಿನಲ್ಲಿ ಅವು ಓಡುವುದು ಎಲ್ಲಿ? ಮಂಜು ಮುಸುಕಿದ ಘಟ್ಟದಲ್ಲಿ, ಕಡಲ ನೀರು ಚಿಮ್ಮಿಸುತ್ತಾ ಮರಳ ಮೇಲೆ, ಕೆಂಪು ಧೂಳು ಎಬ್ಬಿಸುತ್ತಾ ಕಾಡಿನ ದಾರಿಯಲ್ಲಿ. ಒಂದೇ ಕಂಪನಿ, ಮಾರುವಾಗ ಘಟ್ಟ ಹತ್ತಿಸಿ ತೋರಿಸುತ್ತದೆ. ರಿಪೇರಿಗೆ ಬಂದಾಗ 'ಘಟ್ಟ ಯಾಕೆ ಹತ್ತಿಸಿದ್ರಿ?' ಅಂತ ಕೇಳುತ್ತದೆ.

ನಮ್ಮ ಪಕ್ಕದ ಮನೆಯ ಹೆಗಡೇರಿಗೆ ಈ ಪ್ರಶ್ನೆ ಹುಬ್ಬಳ್ಳಿಯಲ್ಲಿ ಬಂತು. ಕಂಪನಿ ಯಾವುದು ಅಂತ ಕೇಳಬೇಡಿ. ಮೊದಲು ಅವರಿಗೆ ಒಂದು ಪತ್ರ ಬಂದಿತ್ತು. ನಿಮ್ಮ ಮಾಡೆಲ್ಲಿನ ಕೆಲವು ಎಂಜಿನ್‌ಗಳಲ್ಲಿ ತಯಾರಿಕೆಯ ದೋಷ ಇರುವ ಸಾಧ್ಯತೆ ಇದೆ, ಓಡುತ್ತಿರುವಾಗ ಎಂಜಿನ್ ನಿಂತುಬಿಡಬಹುದು, ದಯವಿಟ್ಟು ಹತ್ತಿರದ ಸೇವಾ ಕೇಂದ್ರಕ್ಕೆ ಕಾರನ್ನು ತನ್ನಿ. ಹತ್ತಿರದ ಕೇಂದ್ರ ನೂರು ಕಿಲೋಮೀಟರ್ ದೂರ. ನಡುದಾರಿಯಲ್ಲಿ ನಿಲ್ಲಬಹುದಾದ ಕಾರನ್ನು ಅಲ್ಲಿವರೆಗೆ ಓಡಿಸಿಕೊಂಡು ಹೋಗಬೇಕು. ಹೆಗಡೇರು ಹೋದರು. ಅಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಚುಚ್ಚಿ, ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಸದ್ದು ಕೇಳಿದ. ಪಾಸ್ ಅಂದ. ಆಯಿಲ್ ಬದಲಿಸಿದರು, ಸಾಫ್ಟ್‌ವೇರ್ ಹಾಕಿದರು, ಕಾರು ತೊಳೆದು ಕೊಟ್ಟರು. ತೊಳೆದಿದ್ದು ಮಾತ್ರ ಚೆನ್ನಾಗಿತ್ತು ಅಂತ ಹೆಗಡೇರು ಈಗಲೂ ಹೇಳುತ್ತಾರೆ.

ಆಮೇಲೆ ಒಂದು ಮದುವೆ ಮುಗಿಸಿ ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಎಂಜಿನ್ 'ಕಟಕಟ' ಅನ್ನಲು ಶುರುವಾಯಿತು. ತಿರುವಿನಲ್ಲಿ ನಿಂತೇಬಿಟ್ಟಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಲಾರಿ, ಎಲ್ಲರೂ ಹಾರ್ನ್. ಹೆಗಡತಿಯವರು ರೇಷ್ಮೆ ಸೀರೆಯಲ್ಲೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಟೋಚನ್ ಹಾಕಿ ಎಳೆಸಿಕೊಂಡು ಶಿರಸಿ ಮುಟ್ಟಿದಾಗ ಮಧ್ಯರಾತ್ರಿ.

ಬೆಳಿಗ್ಗೆ ನಮ್ಮ ಓಣಿಯ ಮೆಕ್ಯಾನಿಕ್ ಬಂದ. ಡ್ರೇನ್ ನಟ್ ಬಿಚ್ಚಿ ಆಯಿಲ್ ಇಳಿಸಿದ. ಹಳೇ ಬನಿಯನ್ ಬಟ್ಟೆಯ ಮೇಲೆ ಸ್ವಲ್ಪ ಸವರಿ ಬಿಸಿಲಿಗೆ ಹಿಡಿದ. ಕಪ್ಪು ಆಯಿಲ್ ಒಳಗೆ ಸಣ್ಣ ಸಣ್ಣ ಚೂರು, ಹೊಸ ಸೀರೆಯ ಜರಿಯಂತೆ ಮಿಂಚುತ್ತಿದ್ದವು. 'ಬೇರಿಂಗ್ ತಿಂದದೆ ಹೆಗಡೇರೆ. ಇದು ನಂದಲ್ಲ, ಕಂಪನಿ ಕೆಲಸ' ಅಂದ. ಹೆಗಡೇರು ಆ ಆಯಿಲನ್ನು ಮುರುಗಲ ಹಣ್ಣಿನ ಶರಬತ್ತಿನ ಬಾಟಲಿಗೆ ತುಂಬಿಸಿಕೊಂಡರು, ಸಾಕ್ಷಿಗೆ. ಕಾರನ್ನು ಟೆಂಪೋ ಮೇಲೆ ಏರಿಸಿ ಮತ್ತೆ ಹುಬ್ಬಳ್ಳಿಗೆ ಹೊರಟರು.

ಸರ್ವಿಸ್ ಮ್ಯಾನೇಜರ್ ಬಾಟಲಿ ನೋಡಿದರು, ಮುಟ್ಟಲಿಲ್ಲ. 'ಹೊರಗ ಆಯಿಲ್ ಇಳಿಸೀರೇನ್ರೀ ಸರ್? ಹಂಗಾದ್ರ ವಾರಂಟಿ ಕಷ್ಟ ಆಗ್ತದ್ರೀ.'

'ಆಯಿಲ್ ಇಳಿಸಿದ್ದು ಎಂಜಿನ್ ಹೋದ ಮೇಲೆ.'

'ಸಿಸ್ಟಮ್‌ಗೆ ಹಂಗೆಲ್ಲ ಗೊತ್ತಾಗಂಗಿಲ್ರೀ.'

ಆಮೇಲೆ ಬಿಲ್ಲು ಕೇಳಿದರು. ಕಾರು ಕೊಂಡ ದಿನದಿಂದ ಪ್ರತಿ ಆಯಿಲ್ ಚೇಂಜಿನ ಬಿಲ್ಲು. ಹೆಗಡೇರು ಅಡಿಕೆ ಪಟ್ಟಿಯನ್ನು ಅಜ್ಜನ ಕಾಲದಿಂದ ಇಟ್ಟವರು. ಫೈಲು ತೆಗೆದು ಟೇಬಲ್ ಮೇಲೆ ಇಟ್ಟರು. ಆದರೆ ಆ ಬಿಲ್ಲುಗಳು ಮಶಿನ್ ಚೀಟಿ. ಶಿರಸಿಯ ಒಂದೆರಡು ಮಳೆಗಾಲ ಕಂಡು ಅಕ್ಷರ ಹಾರಿಹೋಗಿವೆ, ಅಂಚಿಗೆ ಬೂಸಲು. ಖಾಲಿ ಕಾಗದವನ್ನು ಮ್ಯಾನೇಜರ್ ಒಂದೊಂದಾಗಿ ತಿರುಗಿಸಿ ನೋಡಿದರು. ಅದೇ ಕೇಂದ್ರದ್ದೇ ಬಿಲ್ಲು, ನಿಮ್ಮ ಕಂಪ್ಯೂಟರಿನಲ್ಲೇ ಇರಬೇಕಲ್ಲ ಅಂದಿದ್ದಕ್ಕೆ, ಸಾಫ್ಟ್‌ವೇರ್ ಬದಲಾಗಿದೆ, ಹಳೇದು ಬರುವುದಿಲ್ಲ ಅಂದರು. ಹಳೇದು ಬಾರದ ಆ ಕಂಪ್ಯೂಟರಿನಲ್ಲಿ ಒಂದು ಮಾತ್ರ ಬಂತು: 2020ರಲ್ಲಿ ಒಂದು ಸರ್ವಿಸ್ ತಪ್ಪಿದೆ.

'ಆಗ ಲಾಕ್‌ಡೌನ್. ನಿಮ್ಮ ಬಾಗಿಲಿಗೇ ಬೀಗ ಇತ್ತು ಮಾರಾಯ್ರೇ!'

'ಖರೇನ್ರೀ ಸರ್. ಆದ್ರ ಗ್ಯಾಪ್ ಅಂತ ತೋರಸ್ತದ್ರೀ.'

ಎಂಜಿನ್ ಬಿಚ್ಚಿ ನೋಡಿ ಅಂದರು ಹೆಗಡೇರು. ಬಿಚ್ಚುತ್ತೇವೆ, ಮೊದಲು ಇಲ್ಲಿ ಸಹಿ ಹಾಕಿ. ಕಂಪನಿಯ ತಪ್ಪು ಅಂತ ಕಂಡರೆ ದುಡ್ಡಿಲ್ಲ. ನಿಮ್ಮ ತಪ್ಪು ಅಂತ ಕಂಡರೆ ಬಿಚ್ಚಿದ ಕೂಲಿ ನಿಮ್ಮದು, ಜೋಡಿಸುವ ಕೂಲಿಯೂ ನಿಮ್ಮದು. ಯಾರ ತಪ್ಪು ಅಂತ ನೋಡಿ ಹೇಳುವವರು ಯಾರು? ಅವರೇ. ಬಿಚ್ಚಿದರು. ಕಂಪನಿಗೆ ಫೋಟೋ ಹೋಯಿತು. ಉತ್ತರ ಬಂತು: ಈ ಮಾಡೆಲ್ಲಿನಲ್ಲಿ ದೋಷ ಇರುವುದು ನಿಜ. ಈ ಕಾರಿನ ಎಂಜಿನ್ ಕೆಟ್ಟಿರುವುದೂ ನಿಜ. ಆದರೆ ಈ ಕಾರು ಆ ದೋಷದಿಂದ ಕೆಟ್ಟಿದ್ದಲ್ಲ, ನಿರ್ವಹಣೆಯ ಕೊರತೆಯಿಂದ. ಮೇಲಾಗಿ ರೀಕಾಲ್ ತಪಾಸಣೆ, ಅಂದರೆ ದೋಷಕ್ಕೆ ಅಂತ ಕಾರನ್ನು ವಾಪಸ್ ಕರೆಸಿ ನೋಡುವುದು, ಒಮ್ಮೆ ಆಗಿದೆ, ಪಾಸ್ ಆಗಿದೆ, ಫೈಲು ಮುಚ್ಚಿದೆ.

ನಮ್ಮ ಕಡೆ ತಾಳಮದ್ದಳೆಯಲ್ಲಿ ಇಂಥ ಅರ್ಥಧಾರಿ ಇದ್ದಿದ್ದರೆ ಸಂಧಾನಕ್ಕೆ ಬಂದ ಕೃಷ್ಣ ಕೌರವನಿಗೇ ಐದು ಗ್ರಾಮ ಬರೆದುಕೊಟ್ಟು ಹೋಗುತ್ತಿದ್ದ.

ಇದು ಶಿರಸಿಯವರ ಗ್ರಹಚಾರ ಅಂತ ತಿಳಿಯಬೇಡಿ. ಬೇರೆ ಕಂಪನಿಗಳ ಕಥೆ ಅಮೆರಿಕದಲ್ಲಿ ದಾಖಲೆಯಲ್ಲೇ ಇದೆ. 2015ರಲ್ಲಿ ಹ್ಯುಂಡೈ ಅಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ವಾಪಸ್ ಕರೆಯಿತು. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅನ್ನುವ ದಂಡವನ್ನು ಕೊರೆಯುವಾಗ ಉಳಿದ ಲೋಹದ ಚೂರುಗಳನ್ನು ಪೂರ್ತಿ ತೆಗೆದಿರಲಿಲ್ಲ. ಅವು ಆಯಿಲ್ ಹರಿಯುವ ದಾರಿಗೆ ಅಡ್ಡ ಬಂದು ಬೇರಿಂಗ್ ತಿನ್ನುತ್ತಿದ್ದವು. ಅದೇ ಬಗೆಯ ಎಂಜಿನ್ ಕಿಯಾ ಕಾರಿನಲ್ಲೂ ಇತ್ತು. ಆದರೆ ಕಿಯಾ ಹೆಸರು ಮೆತ್ತಿದ್ದ ಎಂಜಿನ್ ಆಗ ಆರೋಗ್ಯವಾಗಿತ್ತು. ಕಾಯಿಲೆ ಅಂತ ಒಪ್ಪಿದ್ದು 2017ರಲ್ಲಿ, ಆಗ ಎರಡೂ ಕಂಪನಿ ಸೇರಿ ಸುಮಾರು 12 ಲಕ್ಷ ಕಾರು. ಈ ನಡುವೆ ಹ್ಯುಂಡೈಯಲ್ಲೇ ಎಂಜಿನಿಯರ್ ಆಗಿದ್ದ ಕಿಮ್ ಗ್ವಾಂಗ್-ಹೋ ಕಂಪನಿಯ ಕಾಗದಗಳನ್ನು ಹಿಡಿದು 2016ರಲ್ಲಿ ಅಮೆರಿಕದ ಅಧಿಕಾರಿಗಳ ಹತ್ತಿರ ಹೋಗಿದ್ದರು. ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಚೂರು ಬಿಟ್ಟವರು ಯಾರೋ, ಹೊರಗೆ ಬಿದ್ದವರು ಚೂರು ತೋರಿಸಿದವರು. ರೀಕಾಲ್ ತಡ ಮಾಡಿದ್ದಕ್ಕೆ 2020ರಲ್ಲಿ ಎರಡೂ ಕಂಪನಿ ಸೇರಿ 21 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಕಿಮ್ ಅವರಿಗೆ ಅಮೆರಿಕ ಸರಕಾರ 2.4 ಕೋಟಿ ಡಾಲರಿಗೂ ಮೇಲೆ ಬಹುಮಾನ ಕೊಟ್ಟಿತು.

ಅಲ್ಲಿಯೂ ಎಂಜಿನ್ ಬದಲಿಸಿ ಅಂತ ಹೋದವರಿಗೆ ಮೊದಲು ಕೇಳಿದ್ದು ಆಯಿಲ್ ಬಿಲ್ಲು. ಆಮೇಲೆ ಒಂದು ಸಾಫ್ಟ್‌ವೇರ್ ಬಂತು. ಅದು ಬೇರಿಂಗ್ ಸವೆಯುವ ಸದ್ದಿಗೆ ಕಿವಿಗೊಟ್ಟು ಕೂತಿರುತ್ತದೆ. ಸದ್ದು ಕೇಳಿಸಿದರೆ ದೀಪ ಮಿನುಗಿಸಿ, ಎಂಜಿನಿನ ಶಕ್ತಿ ಇಳಿಸಿ, ಕಾರನ್ನು ಕುಂಟುತ್ತಾ ಸಾಗುವಂತೆ ಮಾಡುತ್ತದೆ. ನಮ್ಮ ಓಣಿಯ ಮೆಕ್ಯಾನಿಕ್ ಇದನ್ನೇ ಬಾನೆಟ್ ಮೇಲೆ ಕಿವಿ ಇಟ್ಟು ಮಾಡುತ್ತಾನೆ, ಒಂದು ಚಾಕ್ಕೆ. ಆ ಸಾಫ್ಟ್‌ವೇರ್ ಹಾಕಿದ ಕಾರು ದೇವಿಮನೆಯ ಹೇರ್‌ಪಿನ್ ತಿರುವಿನಲ್ಲಿ ಕುಂಟಲು ಶುರು ಮಾಡಿದರೆ, ಹಿಂದಿನ ಲಾರಿಯವನಿಗೆ ಯಾರು ವಿವರಿಸುವುದು?

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. 2025ರಲ್ಲಿ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ಸುಮಾರು 6 ಲಕ್ಷ ದೊಡ್ಡ ಗಾಡಿಗಳನ್ನು ಎಂಜಿನ್ ದೋಷಕ್ಕೆ ವಾಪಸ್ ಕರೆಯಿತು. ತಪಾಸಣೆಯಲ್ಲಿ ಫೇಲಾದರೆ ರಿಪೇರಿ ಅಥವಾ ಎಂಜಿನ್ ಬದಲಾವಣೆ. ಪಾಸಾದರೆ? ದಪ್ಪ ಆಯಿಲ್, ಹೊಸ ಫಿಲ್ಟರ್, ಆಯಿಲ್ ಹಾಕುವ ಬಾಯಿಗೆ ಹೊಸ ಮುಚ್ಚಳ, ಮತ್ತು ಮಾಲೀಕರ ಪುಸ್ತಕದಲ್ಲಿ ಸೇರಿಸಿಕೊಳ್ಳಲು ಒಂದು ಹಾಳೆ. ಎಂಜಿನ್ ಒಳಗಿನ ರಾಡಿನಲ್ಲಿ ದೋಷವಿದ್ದರೆ ಪುಸ್ತಕಕ್ಕೆ ಹಾಳೆ ಅಂಟಿಸುವ ವೈದ್ಯ ಇದು. ನಾವು ಸುಮ್ನೆ ಹುಬ್ಬಳ್ಳಿಯ ಮ್ಯಾನೇಜರಿಗೆ ಬೈಯುತ್ತೇವೆ, ಪಾಪ.

ಇಲ್ಲಿ ಕಾನೂನು ಇಲ್ಲವಾ? ಇದೆ. 2012ರಿಂದ ಕಂಪನಿಗಳು ತಾವೇ ಮನಸ್ಸು ಬಂದಾಗ ರೀಕಾಲ್ ಮಾಡುವ ಪದ್ಧತಿ ಇತ್ತು. ಮನಸ್ಸು ಬಾರದಿದ್ದರೆ ಏನು ಅಂತ ಯೋಚಿಸಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದರು. 2021ರ ಏಪ್ರಿಲ್‌ನಿಂದ ನಿಯಮ ಜಾರಿಗೆ ಬಂತು. ಈಗ ಸರಕಾರವೇ ಆದೇಶ ಮಾಡಿ ಕಾರು ವಾಪಸ್ ಕರೆಸಬಹುದು, ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಶಿರಸಿಯಲ್ಲಿ ಒಳ್ಳೆಯ ಕಡೆ ಒಂದು ಮನೆ, ಸ್ವಲ್ಪ ಜಾಗ ಕೊಂಡರೆ ಮುಗಿಯುವ ದುಡ್ಡು ಅದು. ಆದರೆ ದೋಷ ಸುರಕ್ಷತೆಗೆ ಸಂಬಂಧಿಸಿದ್ದಾಗಿರಬೇಕು, ಗಾಡಿಗೆ ಏಳು ವರ್ಷ ತುಂಬಿರಬಾರದು, ಜಾಸ್ತಿ ಮಾರಾಟವಾಗುವ ಕಾರಾದರೆ ಸಾವಿರದ ಮೇಲೆ ದೂರು ಬಂದಿರಬೇಕು. ಅಂದರೆ ಹೆಗಡೇರು ತಮ್ಮ ಎಂಜಿನ್ ಸರಿಯಾಗಲಿ ಅಂತ ಹರಕೆ ಹೊತ್ತು ಉಪಯೋಗ ಇಲ್ಲ. ಇನ್ನೂ ಸಾವಿರ ಜನರ ಎಂಜಿನ್ ಸೀಜ್ ಆಗಲಿ ಅಂತ ಹೊರಬೇಕು. ಅದೂ ಬೇಗ, ಏಳು ವರ್ಷ ತುಂಬುವುದರೊಳಗೆ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಲೆಕ್ಕ ಹಾಕಿಕೊಳ್ಳಿ.

ಹೊಸ ಎಂಜಿನ್ನಿನ ಎಸ್ಟಿಮೇಟ್ ಕೈಗೆ ಬಂದ ದಿನ ಹೆಗಡೇರಿಗೆ ಮ್ಯಾನೇಜರ್ ಇನ್ನೊಂದು ದಾರಿ ತೋರಿಸಿದರು. ಇಷ್ಟು ದುಡ್ಡು ಹಳೇ ಕಾರಿಗೆ ಯಾಕೆ ಹಾಕುತ್ತೀರಿ, ಮುಂದಿನ ಹಾಲ್‌ನಲ್ಲಿ ಎಕ್ಸ್‌ಚೇಂಜ್ ಮೇಳ ಇದೆ. ಹೆಗಡೇರು ಗಾಜಿನ ಬಾಗಿಲು ದಾಟಿ ಆ ಕಡೆ ಹೋದರು. ಆ ಕಡೆ ಎಸಿ ಇತ್ತು, ಕಾಫಿ ಇತ್ತು, ಗೋಡೆಯ ಮೇಲಿನ ಟಿವಿಯಲ್ಲಿ ಹೊಸ ಮಾಡೆಲ್ ಘಟ್ಟ ಹತ್ತುತ್ತಿತ್ತು. ಟೈ ಕಟ್ಟಿದ ಹುಡುಗ ಹಳೇ ಕಾರಿನ ನಂಬರ್ ಹೊಡೆದು ನೋಡಿ, ಬೆಲೆ ಹೇಳಿದ. ಹೆಗಡೇರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕೇಳಿದರು, 'ಇಷ್ಟು ಕಮ್ಮಿ ಎಂತಕ್ಕೆ?'

'ಈ ಬ್ಯಾಚಿಗೆ ರೀಕಾಲ್ ಆಗಿತ್ತಲ್ರೀ ಸರ್. ಎಂಜಿನ್ನಿನಾಗ ಕಂಪನಿ ಡಿಫೆಕ್ಟ್ ಐತ್ರೀ. ಮಾರ್ಕೆಟ್‌ನಾಗ ಯಾರೂ ತೊಗೊಳಂಗಿಲ್ಲ.'

'ಹೌದಾ? ನಂಗೆ ನಂಬಿಕೆ ಬರ್ತಾ ಇಲ್ಲೆ ತಮ್ಮಾ. ಸ್ವಲ್ಪ ಬರೆದು ಕೊಡ್ತೀಯಾ?'

ಹುಡುಗ ಒಳ್ಳೆಯವನು. ವ್ಯಾಲ್ಯುವೇಶನ್ ಶೀಟಿನಲ್ಲಿ 'ಎಂಜಿನ್: ತಯಾರಿಕಾ ದೋಷ' ಅಂತ ಬರೆದು, ಶೋರೂಮಿನ ಸೀಲು ಒತ್ತಿ, ಕವರಿನಲ್ಲಿ ಹಾಕಿಯೇ ಕೊಟ್ಟ. ಕಾರವಾರದ ಗ್ರಾಹಕ ಆಯೋಗಕ್ಕೆ ಹೆಗಡೇರು ಹಾಕಿದ ದೂರಿನಲ್ಲಿ ಆ ಶೀಟು ಮೊದಲ ದಾಖಲೆ, ಶರಬತ್ತಿನ ಬಾಟಲಿ ಎರಡನೆಯದು. ಕಂಪನಿಯ ವಕೀಲರು ಉತ್ತರ ಕೊಡಲು ಸಮಯ ಕೇಳಿದ್ದಾರೆ. ಸರ್ವಿಸ್ ವಿಭಾಗದ ಎಂಜಿನ್ ಬೇರೆ, ಸೇಲ್ಸ್ ವಿಭಾಗದ ಎಂಜಿನ್ ಬೇರೆ ಅಂತ ಬರೆದುಕೊಂಡು ಬರಬಹುದು ಅಂತ ನನ್ನ ಅಂದಾಜು.