34 ವರ್ಷ ಇನ್‌ಚಾರ್ಜ್ ಆಗಿದ್ದ ರಾಜಕುಮಾರ

ನಮ್ಮಪ್ಪ ಒಂದು ಹೈಸ್ಕೂಲಿನಲ್ಲಿ ಏಳು ವರ್ಷ ಇನ್‌ಚಾರ್ಜ್ ಹೆಡ್‌ಮಾಸ್ಟರ್ ಆಗಿದ್ದರು. ಕೆಲಸವೆಲ್ಲ ಅವರದು, ಹುದ್ದೆ ಮಾತ್ರ ಅವರದಲ್ಲ. ಒಂದು ಸೋಮವಾರ ಬೇರೊಬ್ಬರು ಆರ್ಡರ್ ಹಿಡಿದುಕೊಂಡು ಬಂದರು. ಅಪ್ಪ ಚಾರ್ಜ್ ಕೊಟ್ಟರು. ಬೀಗದ ಕೈ ಗೊಂಚಲು ಮುಂದಿಟ್ಟು, 'ಈ ಚಿಕ್ಕದು ಲ್ಯಾಬ್ ಬೀರುವಿನದು ಸಾರ್, ಸ್ವಲ್ಪ ಮೇಲೆತ್ತಿ ತಿರುಗಿಸಬೇಕು' ಅಂದರಂತೆ.

ಜೋರ್ಡಾನಿನ ರಾಜಕುಮಾರ ಹಸನ್ ಬಿನ್ ತಲಾಲ್ ಬಗ್ಗೆ ಓದಿದಾಗಲೆಲ್ಲ ನನಗೆ ಆ ಚಿಕ್ಕ ಬೀಗದ ಕೈ ನೆನಪಾಗುತ್ತದೆ. ಹೋಲಿಕೆ ಸ್ವಲ್ಪ ಅತಿಯಾಯ್ತು, ಗೊತ್ತು. ಅವರಿಗೆ ಅರಮನೆ ಇತ್ತು, ನಮಗೆ ಬಾಡಿಗೆ ಮನೆ.

ಹಸನ್ ಹುಟ್ಟಿದ್ದು 1947ರಲ್ಲಿ, ಅಮ್ಮಾನ್‌ನಲ್ಲಿ. ನಾಲ್ಕು ವರ್ಷದವರಿದ್ದಾಗ ತಾತ, ಮೊದಲನೇ ಅಬ್ದುಲ್ಲಾ ದೊರೆ, ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯಲ್ಲಿ ಗುಂಡಿಗೆ ಬಲಿಯಾದರು. ಅಪ್ಪ ತಲಾಲ್ ಪಟ್ಟಕ್ಕೆ ಬಂದರೂ ಮಾನಸಿಕ ಕಾಯಿಲೆಯಿಂದ 1952ರಲ್ಲೇ ಇಳಿಯಬೇಕಾಯಿತು. ಆಮೇಲೆ ಅಣ್ಣ ಹುಸೇನ್ ದೊರೆ. ಅವರನ್ನು ಕೊಲ್ಲಲು ಎಷ್ಟೋ ಸಲ ಪ್ರಯತ್ನ ನಡೆದಿತ್ತು. ಅವರ ಮಗ ಅಬ್ದುಲ್ಲಾ ಇನ್ನೂ ಮೂರು ವರ್ಷದ ಕೂಸು. ನಾಳೆ ಏನಾದರೂ ಆದರೆ? ಅದಕ್ಕೇ 1965ರಲ್ಲಿ 18 ವರ್ಷದ ತಮ್ಮ ಹಸನ್ ಯುವರಾಜನಾದ. ಮಗು ದೊಡ್ಡದಾದ ಮೇಲೆ ಏನು ಅಂತ ಆಗ ಯಾರೂ ಬಾಯಿ ಬಿಟ್ಟು ಕೇಳಿದಂತಿಲ್ಲ.

ಇವರ ಮದುವೆಯದೇ ಒಂದು ಕಥೆ. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಹಸನ್ 1968ರಲ್ಲಿ ಕರಾಚಿಯಲ್ಲಿ ಮದುವೆಯಾದದ್ದು ಸರ್ವತ್ ಇಕ್ರಾಮುಲ್ಲಾರನ್ನು. ಆಕೆ ಹುಟ್ಟಿದ್ದು ಕಲ್ಕತ್ತಾದಲ್ಲಿ, ದೇಶ ಇಬ್ಭಾಗವಾಗುವ ಮೂರು ವಾರ ಮೊದಲು. ತಂದೆ ಪಾಕಿಸ್ತಾನದ ಮೊದಲ ವಿದೇಶಾಂಗ ಕಾರ್ಯದರ್ಶಿ. ಆ ತಂದೆಯ ತಮ್ಮ ಯಾರು ಗೊತ್ತಾ? ನಮ್ಮ ಎಂ. ಹಿದಾಯತುಲ್ಲಾ! ಮದುವೆಯ ವರ್ಷ ಅವರು ಭಾರತದ ಮುಖ್ಯ ನ್ಯಾಯಮೂರ್ತಿ, ಮುಂದೆ ಉಪರಾಷ್ಟ್ರಪತಿ. ಅಣ್ಣ ಆ ಕಡೆ, ತಮ್ಮ ಈ ಕಡೆ, ಮಗಳು ಅಮ್ಮಾನ್‌ನ ಅರಮನೆಯಲ್ಲಿ. ಕ್ವಿಜ್‌ನಲ್ಲಿ ಕೇಳಿದರೆ ಅರ್ಧ ಜನ ಸೋಲ್ತಾರೆ.

ಎರಡನೇ ಕುರ್ಚಿಯಲ್ಲಿ ಕೂತವರು ಸಾಮಾನ್ಯವಾಗಿ ಎರಡೇ ಕೆಲಸ ಮಾಡ್ತಾರೆ. ಒಂದು ಕಾಯೋದು, ಇಲ್ಲ ಪಿತೂರಿ ಮಾಡೋದು. ಹಸನ್ ಸಂಸ್ಥೆ ಕಟ್ಟಿದರು. 1970ರಲ್ಲಿ ರಾಯಲ್ ಸೈಂಟಿಫಿಕ್ ಸೊಸೈಟಿ, 1981ರಲ್ಲಿ ಅರಬ್ ಥಾಟ್ ಫೋರಮ್, 1994ರಲ್ಲಿ ಬೇರೆ ಬೇರೆ ಧರ್ಮದವರು ಕೂತು ಮಾತಾಡಲು ಇನ್ನೊಂದು ಸಂಸ್ಥೆ. ಇಸ್ರೇಲ್ ಜೊತೆ 1994ರಲ್ಲಿ ಆದ ಶಾಂತಿ ಒಪ್ಪಂದದ ಮಾತುಕತೆಯಲ್ಲೂ ಇದ್ದರು.

1998ರಲ್ಲಿ ಅಣ್ಣನಿಗೆ ಕ್ಯಾನ್ಸರ್. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸುಮಾರು ಆರು ತಿಂಗಳು ಚಿಕಿತ್ಸೆ. ದೇಶ ನಡೆಸಿದ್ದು ತಮ್ಮ. 1999ರ ಜನವರಿ 19ಕ್ಕೆ ಹುಸೇನ್ ವಾಪಸ್ ಬಂದರು, ಮಳೆಯಲ್ಲೂ ಜನ ರಸ್ತೆ ತುಂಬ ನಿಂತಿದ್ದರು. ಒಂದು ವಾರವೂ ಕಳೆದಿರಲಿಲ್ಲ, ಹಸನ್ ಕೈಗೆ ಪತ್ರ ಬಂತು. ನೀನಲ್ಲ, ನನ್ನ ಮಗ ಅಬ್ದುಲ್ಲಾ. ಬರೀ ಅಷ್ಟೇ ಆಗಿದ್ದರೆ ಬೇರೆ ಮಾತು. ಹಸನ್ ಸೇನೆಯ ವಿಷಯದಲ್ಲಿ ಕೈಹಾಕಿದ್ದು, ಹುಸೇನರ ಹೆಂಡತಿ ಮಕ್ಕಳ ಬಗ್ಗೆ ಅರಮನೆಯಲ್ಲಿ ಆಡಿಕೊಂಡದ್ದು, ಎಲ್ಲ ನೋವನ್ನೂ ಉದ್ದಕ್ಕೆ ತೋಡಿಕೊಂಡ ಪತ್ರ. ಅದನ್ನು ಇಡೀ ದೇಶದ ಮುಂದಿಟ್ಟರು. ಫೆಬ್ರವರಿ 7ಕ್ಕೆ ಹುಸೇನ್ ತೀರಿಕೊಂಡರು.

ಯೋಚಿಸಿ, ಸುಮಾರು 34 ವರ್ಷ ಯುವರಾಜನಾಗಿದ್ದವರಿಗೆ ಪಟ್ಟ ಎರಡು ವಾರದಲ್ಲಿ ತಪ್ಪಿತು.

ಹಸನ್ ದೇಶ ಬಿಟ್ಟು ಓಡಲಿಲ್ಲ, ದಂಗೆ ಎಬ್ಬಿಸಲಿಲ್ಲ. ಅಣ್ಣನ ಮಗನಿಗೆ ನಿಷ್ಠೆ ತೋರಿಸಿ, ಅದೇ ವರ್ಷ, ಜಗತ್ತಿನ ಭವಿಷ್ಯದ ಬಗ್ಗೆ ಚಿಂತಿಸುವ ಕ್ಲಬ್ ಆಫ್ ರೋಮ್ ಅನ್ನುವ ಸಂಸ್ಥೆಯ ಅಧ್ಯಕ್ಷರಾಗಿ ಕೆಲಸಕ್ಕೆ ಇಳಿದರು. ಇದನ್ನು ದೊಡ್ಡ ತ್ಯಾಗ ಅಂತ ಹೊಗಳುವವರ ಜೊತೆ ನಾನಿಲ್ಲ. ಇವರನ್ನೂ ಯಾರೂ ಓಟು ಹಾಕಿ ಆರಿಸಿರಲಿಲ್ಲ. ನನಗೆ ಇಷ್ಟವಾಗೋದು ಬೇರೆ. ಆ ಕುರ್ಚಿ ಹೋದರೂ ನಡೆಯುವಂಥ ಕೆಲಸ ಅವರ ಕೈಯಲ್ಲಿತ್ತು.

ಕಿರಿಕಿರಿಯಾಗೋದು 2021ರ ಏಪ್ರಿಲ್ ನೆನೆದರೆ. ಹುಸೇನರ ಇನ್ನೊಬ್ಬ ಮಗ ಹಮ್ಜಾ, 1999ರಲ್ಲಿ ಯುವರಾಜನಾಗಿ 2004ರಲ್ಲಿ ಪದವಿ ಕಳೆದುಕೊಂಡವನು, ಮನೆಯಿಂದ ಹೊರಗೆ ಬರದಂತೆ ತಡೆದಿದ್ದಾರೆ ಅಂತ ವಿಡಿಯೋ ಬಿಟ್ಟ. ಅವನನ್ನು ಸಮಾಧಾನ ಮಾಡುವ ಕೆಲಸವನ್ನು ದೊರೆ ಅಬ್ದುಲ್ಲಾ ಯಾರಿಗೆ ಕೊಟ್ಟರು? ಚಿಕ್ಕಪ್ಪ ಹಸನ್‌ಗೆ. ದೊರೆಗೆ ಬದ್ಧನಾಗಿರುತ್ತೇನೆ ಅನ್ನುವ ಪತ್ರಕ್ಕೆ ಹಮ್ಜಾ ಸಹಿ ಹಾಕಿದ್ದು ಹಸನ್ ಮನೆಯಲ್ಲೇ. ಪಟ್ಟ ತಪ್ಪಿದ ಇಬ್ಬರು, ನಡುವೆ ಒಂದು ಕಾಗದ. ಆ ಕೋಣೆಯಲ್ಲಿ ಚಿಕ್ಕಪ್ಪ ಹುಡುಗನ ಮುಖ ನೋಡಿದರಾ, ಕಾಗದ ನೋಡಿದರಾ? ಮನೆತನ ಉಳಿಸಿದರು ಅಂತ ಕೆಲವರು ಅಂತಾರೆ. ನನಗಂತೂ ತನಗಾದ ನೋವು ಗೊತ್ತಿದ್ದವರೇ ಇನ್ನೊಬ್ಬನ ಕೈಗೆ ಪೆನ್ನು ಕೊಟ್ಟಂತೆ ಕಂಡಿತು.

ಮೊನ್ನೆ ಇದೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ಒರೆಸುತ್ತಾ, 'ಅಲ್ಲಯ್ಯಾ, ಆ ಮೂವತ್ನಾಲ್ಕು ವರ್ಷ ಸರ್ವೀಸಿಗೆ ಹಿಡಿದ್ರಾ?' ಅಂದರು.