ಲಿವರ್‌ಪೂಲಿನ ಸ್ಥಳಪುರಾಣ

ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಮೊದಲ ಗೀಟು ಬಿದ್ದಾಗ ನಾವಿನ್ನೂ ವಿಮಾನ ನಿಲ್ದಾಣದ ಬಾಗಿಲು ದಾಟಿರಲಿಲ್ಲ. ನಿಲ್ದಾಣದ ಹೆಸರೇ ಲಿವರ್‌ಪೂಲ್ ಜಾನ್ ಲೆನನ್ ವಿಮಾನ ನಿಲ್ದಾಣ. ಲೆನನ್ ಎಂದರೆ ಈ ಊರಿನ ಬೀಟಲ್ಸ್ ವಾದ್ಯವೃಂದದ ನಾಲ್ವರಲ್ಲಿ ಒಬ್ಬ. ಎರಡನೆಯ ಗೀಟು ಒಳಗೆ ನಿಂತಿದ್ದ ಲೆನನ್‌ನ ಕಂಚಿನ ಪ್ರತಿಮೆಗೆ. 2002ರಲ್ಲಿ ಅದರ ಅನಾವರಣವಾಯಿತಂತೆ. ಮೂರನೆಯದು ನಿಲ್ದಾಣದ ಘೋಷವಾಕ್ಯಕ್ಕೆ: 'ನಮ್ಮ ಮೇಲೆ ಬರೀ ಆಕಾಶ'. ಅದೂ ಆತನ ಹಾಡಿನ ಸಾಲೇ. ನಾನು ತಲೆಯೆತ್ತಿ ನೋಡಿದೆ. ಮೋಡ ಕವಿದು ಹನಿ ಬೀಳುತ್ತಿತ್ತು. ಆಕಾಶ ಇದ್ದದ್ದು ಘೋಷವಾಕ್ಯದಲ್ಲಿ ಮಾತ್ರ. ಅದೇ ಹಾಡು ಆಸ್ತಿಪಾಸ್ತಿ ಇಲ್ಲದ ಲೋಕವೊಂದನ್ನು ಕಲ್ಪಿಸಿಕೊಳ್ಳಿ ಎಂದೂ ಹೇಳುತ್ತದೆ. ಆ ಹಾಡಿನ ಹೆಸರು ಅಚ್ಚಾದ ಲೋಟ, ಛತ್ರಿ, ಕೀಚೈನುಗಳು ಊರಿನ ಅಂಗಡಿಗಳಲ್ಲಿ ಬೆಲೆಚೀಟಿ ಸಮೇತ ನೇತಾಡುತ್ತಿರುವುದನ್ನು ಮಾತ್ರ ಯಾರೂ ಕಲ್ಪಿಸಿಕೊಳ್ಳಬೇಕಾಗಿಲ್ಲ.

ನಾಲ್ಕನೆಯ ಗೀಟು ಹೊರಗೆ ನಿಲ್ಲಿಸಿದ್ದ ದೊಡ್ಡ ಹಳದಿ ಜಲಾಂತರ್ಗಾಮಿಗೆ.

"ವಿಮಾನ ಹತ್ತುವ ಜಾಗದಲ್ಲಿ ಜಲಾಂತರ್ಗಾಮಿ ಯಾಕಪ್ಪಾ?" ಎಂದು ನನ್ನ ಹೆಂಡತಿ ಅಳಿಯನನ್ನು ಕೇಳಿದಳು.

"ಅದು ಬೀಟಲ್ಸ್ ಹಾಡು ಅತ್ತೆ."

"ಹಾಡಾದರೆ ಹಾಡಲಿ. ಹೀಗೆ ಬಾಗಿಲ ಮುಂದೆ ತಂದು ನಿಲ್ಲಿಸುವುದೇ?"

ಆಟದ ನಿಯಮ ಅಳಿಯನದು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಜಗತ್ತನ್ನೇ ಹುಚ್ಚೆಬ್ಬಿಸಿ, 1970ರಲ್ಲಿ ಚದುರಿಹೋದ ನಾಲ್ವರ ವಾದ್ಯವೃಂದದ ಹೆಸರು, ಮುಖ, ಹಾಡು ಎಲ್ಲಿ ಕಂಡರೂ ಕೇಳಿದರೂ ಒಂದು ಗೀಟು. ನಾಲ್ಕು ನೆಟ್ಟಗಿನ ಗೀಟು ಎಳೆದು ಐದನೆಯದನ್ನು ಅಡ್ಡ ಎಳೆಯಬೇಕು. ಅಳಿಯ ವೃತ್ತಿಯಿಂದ ವೈದ್ಯ, ದಾವಣಗೆರೆಯವನು, ಬೀಟಲ್ಸ್ ಭಕ್ತ. ಅವನ ಕಿವಿಗೆ ಈ ಊರಿನಲ್ಲಿ ಬೇರೇನೂ ಬೀಳುವುದೇ ಇಲ್ಲ. ಹಣ್ಣಿನಂಗಡಿಯಲ್ಲಿ ಸೇಬು ಕಂಡರೂ ಗೀಟು ಎಳೆಯಲು ಹೇಳುತ್ತಾನೆ, ಏಕೆಂದರೆ ಬೀಟಲ್ಸ್ ಕಂಪನಿಯ ಹೆಸರು ಆಪಲ್. ಕಂಪ್ಯೂಟರ್ ಮಾಡುವ ಆಪಲ್‌ನವರ ಮೇಲೆ 1978ರಿಂದ ಶುರುವಾಗಿ 2007ರವರೆಗೆ ಆ ಹಣ್ಣಿಗಾಗಿ ವ್ಯಾಜ್ಯ ನಡೆದಿತ್ತು. ಅಣ್ಣತಮ್ಮಂದಿರು ಒಂದು ತೆಂಗಿನ ಮರಕ್ಕೆ ತಾಲ್ಲೂಕು ಕೋರ್ಟು ಹತ್ತುವುದನ್ನು ನೋಡಿ ಬೆಳೆದ ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಾನು ಚಿತ್ರದುರ್ಗದವನು. ಪುರಾಣಪುರುಷರು ಹೋದಲ್ಲೆಲ್ಲ ಗುರುತು ಬಿಟ್ಟು ಹೋಗುವುದು ನನಗೆ ಹೊಸದಲ್ಲ. ನಮ್ಮ ಕಡೆ ಬಂಡೆಯಲ್ಲಿ ಗುಳಿ ಇದ್ದರೆ ಅದು ಭೀಮನ ಹೆಜ್ಜೆ, ಗುಳಿಯಲ್ಲಿ ನೀರಿದ್ದರೆ ಸೀತೆಯ ಹೊಂಡ, ಗುಹೆಯಿದ್ದರೆ ಪಾಂಡವರು ವನವಾಸದಲ್ಲಿ ತಂಗಿದ ಜಾಗ. ಅವರು ತಂಗಿದ ಗುಹೆಗಳನ್ನೆಲ್ಲ ಕೂಡಿಸಿದರೆ ಹನ್ನೆರಡು ವರ್ಷವೂ ದಿನಕ್ಕೆರಡು ಮನೆ ಬದಲಿಸಿರಬೇಕು. ನಮ್ಮ ಕೋಟೆಯ ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಎಂದು ಒಂದನ್ನು ತೋರಿಸುತ್ತಾರೆ. ಹುಡುಗನಾಗಿದ್ದಾಗ ಅದನ್ನು ನಂಬಿದ್ದೆ, ಕಾಲೇಜಿಗೆ ಹೋದ ಮೇಲೆ ನಕ್ಕಿದ್ದೆ. ಲಿವರ್‌ಪೂಲಿಗೆ ಬಂದ ಮೇಲೆ ಆ ನಗುವನ್ನು ಬೇಷರತ್ತಾಗಿ ಹಿಂತೆಗೆದುಕೊಂಡಿದ್ದೇನೆ.

ಯಾಕೆಂದರೆ ಇವರಲ್ಲೂ ಹಲ್ಲಿದೆ. ಅರವತ್ತರ ದಶಕದಲ್ಲಿ ಲೆನನ್ ತನ್ನ ಹುಳುಕು ದವಡೆಹಲ್ಲೊಂದನ್ನು ಮನೆಗೆಲಸದಾಕೆಗೆ ಕೊಟ್ಟನಂತೆ. ಆಕೆಯ ಮನೆಯವರು ಅದನ್ನು ಜೋಪಾನವಾಗಿಟ್ಟರು. 2011ರಲ್ಲಿ ಅದು ಹರಾಜಿಗೆ ಬಂದು 19,500 ಪೌಂಡಿಗೆ ಮಾರಾಟವಾಯಿತು. ಕೊಂಡವನು ಕೆನಡಾದ ದಂತವೈದ್ಯ. ಹಲ್ಲಿನಿಂದ ವಂಶವಾಹಿ ತೆಗೆದು ಲೆನನ್‌ನನ್ನೇ ಮತ್ತೆ ಹುಟ್ಟಿಸುವ ಮಾತನ್ನೂ ಆತ ಆಡಿದ. ನಮ್ಮ ರಕ್ತಬೀಜಾಸುರನಿಗೆ ಒಂದು ತೊಟ್ಟು ರಕ್ತವಾದರೂ ಬೇಕಾಗಿತ್ತು. ಇಲ್ಲಿ ಹುಳುಕು ಹಲ್ಲೇ ಸಾಕು. ಅದರ ಹಿಂದಿನ ವರ್ಷ ಲೆನನ್ ಮನೆಯ ಕಮೋಡು 9,500 ಪೌಂಡಿಗೆ ಹೋಗಿತ್ತು. ಆ ದರ ಹಿಡಿದು ನೋಡಿದರೆ ನಮ್ಮ ಹಿಡಿಂಬನ ಹಲ್ಲನ್ನು ತೂಕಕ್ಕೆ ಹಾಕಿ ಕೋಟೆಯ ಏಳು ಸುತ್ತನ್ನೂ ರಿಪೇರಿ ಮಾಡಿಸಬಹುದು. ಆದರೆ ನಮ್ಮ ಪೂಜಾರಿಗೆ ಹರಾಜಿನ ಬುದ್ಧಿ ಇಲ್ಲ. ಮಂಗಳಾರತಿ ತಟ್ಟೆಗೆ ಹತ್ತು ರೂಪಾಯಿ ಬಿದ್ದರೆ ಸಾಕೆನ್ನುತ್ತಾನೆ.

ಎರಡನೆಯ ದಿನ ಮ್ಯಾಥ್ಯೂ ಸ್ಟ್ರೀಟಿಗೆ ಹೋದೆವು. ಅಲ್ಲಿರುವುದು ಕ್ಯಾವರ್ನ್ ಕ್ಲಬ್, ಮೂಲಸ್ಥಾನ. ಈ ನೆಲಮಾಳಿಗೆಯಲ್ಲಿ ಬೀಟಲ್ಸ್ 292 ಸಲ ಹಾಡಿದರು ಎಂದು ಗೈಡು ಹೇಳಿದಾಗ ಜನ ಇಟ್ಟಿಗೆಯ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಒಬ್ಬ ಹೆಂಗಸು ಹಣೆಯನ್ನೇ ಇಟ್ಟಳು. ಆದರೆ ಆ ನೆಲಮಾಳಿಗೆ ಇದಲ್ಲ. ಮೂಲ ಕ್ಲಬ್ಬನ್ನು 1973ರಲ್ಲಿ ಮುಚ್ಚಿಸಿ ಕೆಡವಲಾಯಿತು. ಕಾರಣ, ನೆಲದಡಿಯ ರೈಲಿಗೆ ಗಾಳಿ ಆಡುವ ಕೊಳವೆಬಾವಿಯಂಥದ್ದೊಂದು ಅಲ್ಲಿ ಬೇಕಾಗಿತ್ತು. ಕೆಡವಿದ ಮೇಲೆ ಅದು ಬೇಡವಾಯಿತು, ಕಟ್ಟಲೇ ಇಲ್ಲ. ಅಷ್ಟರಲ್ಲಿ ಪುಣ್ಯಕ್ಷೇತ್ರ ಎಲ್ಲಿ ಎಂದು ಕೇಳಿಕೊಂಡು ಪ್ರಪಂಚದ ಜನ ಬರತೊಡಗಿದ್ದರು. 1984ರಲ್ಲಿ ಹಳೆಯ ಇಟ್ಟಿಗೆಗಳನ್ನೇ ಹೆಕ್ಕಿ ತಂದು ಹೊಸ ಕ್ಯಾವರ್ನ್ ಕಟ್ಟಿದರು. ಕೆಡವಿ, ಹಾಗೇ ಬಿಟ್ಟು, ಮತ್ತೆ ಕಟ್ಟುವ ಈ ಕ್ರಮ ಎಷ್ಟು ಪರಿಚಿತವೆನ್ನಿಸಿತೆಂದರೆ ನನಗೆ ಒಂದು ಗಳಿಗೆ ಊರಿಗೆ ವಾಪಸು ಹೋದಂತಾಯಿತು. ಇವತ್ತು ಆ ಊರಿಗೆ ಲೆಕ್ಕವೂ ಗೊತ್ತಿದೆ. ನಗರಸಭೆ ವಿಶ್ವವಿದ್ಯಾಲಯದವರನ್ನು ಕೂರಿಸಿ ಮಾಡಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬೀಟಲ್ಸ್ ಹೆಸರಿನಿಂದ ಊರಿಗೆ ವರ್ಷಕ್ಕೆ 8.19 ಕೋಟಿ ಪೌಂಡು ಬರುತ್ತದೆ, 2,335 ಮಂದಿಗೆ ಕೆಲಸ ಸಿಕ್ಕಿದೆ. ದೇವರನ್ನು ಗರ್ಭಗುಡಿಯಿಂದ ಎತ್ತಿ ಎಸೆದವರೇ ಈಗ ಮುಜರಾಯಿ ಇಲಾಖೆ.

ನಾಲ್ವರಲ್ಲಿ ಇನ್ನೊಬ್ಬನಾದ ಪಾಲ್ ಮೆಕಾರ್ಟ್ನಿ ಬೆಳೆದ ಮನೆ ಫೋರ್ತ್‌ಲಿನ್ ರಸ್ತೆಯಲ್ಲಿದೆ, ನಂಬರು 20. ನಗರಸಭೆ ಬಡವರಿಗೆಂದು ಕಟ್ಟಿಸಿ ಬಾಡಿಗೆಗೆ ಕೊಟ್ಟ ಸಾಲುಮನೆಗಳಲ್ಲಿ ಒಂದು. ದೊರೆಗಳ ಬಂಗಲೆ, ಅರಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ 1995ರಲ್ಲಿ ಅದನ್ನು ಕೊಂಡುಕೊಂಡಿತು. ಅಲ್ಲಿಗೆ ಸಣ್ಣ ಬಸ್ಸಿನಲ್ಲಿ ಗುಂಪಾಗಿ ಹೋಗಬೇಕು. ಚೀಲ, ಕ್ಯಾಮೆರಾ ಬಾಗಿಲಲ್ಲೇ ಒಪ್ಪಿಸಬೇಕು. ಒಳಗೆ ಹೋದವರೆಲ್ಲ ತಾವಾಗಿಯೇ ದನಿ ತಗ್ಗಿಸಿದರು. ಹೂವಿನ ಚಿತ್ರದ ಗೋಡೆಕಾಗದ, ಒಬ್ಬರೇ ನಿಲ್ಲಬಹುದಾದ ಅಡುಗೆಮನೆ, ಕಿರಿದಾದ ಮೆಟ್ಟಿಲು. ನನ್ನ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಭಕ್ತಿ ಬಂತೇನೋ ಎಂದುಕೊಂಡೆ.

"ರೀ, ನಮ್ಮ ಹೊಳಲ್ಕೆರೆ ಕ್ವಾರ್ಟರ್ಸ್ ಇದಕ್ಕಿಂತ ದೊಡ್ಡದಾಗಿತ್ತು" ಎಂದಳು. "ಬಚ್ಚಲ ಪೈಪು ಸೋರುತ್ತದೆ ಎಂದು ಏಳು ಅರ್ಜಿ ಕೊಟ್ಟರೂ ಒಬ್ಬ ಬರಲಿಲ್ಲ. ನೀವೂ ಎರಡು ಹಾಡು ಬರೆಯಬಾರದಿತ್ತೇ?"

ಪೆನ್ನಿ ಲೇನ್ ಒಂದು ಸಾಧಾರಣ ಬೀದಿ. ಆ ಹೆಸರಿನ ಹಾಡು ಬಂದ ಮೇಲೆ ಬೀದಿಯ ಫಲಕ ಕದಿಯುವವರ ಕಾಟ ಹೆಚ್ಚಾಗಿ ನಗರಸಭೆ ಕೊನೆಗೆ ಹೆಸರನ್ನು ಗೋಡೆಯ ಮೇಲೇ ಬರೆಸಿತು. ಗೋಡೆಯನ್ನು ಕದಿಯಲಾರರು ಎಂಬ ಧೈರ್ಯ. ಈ ಊರಿನ ಹಳೆಯ ಇಟ್ಟಿಗೆಗಳಿಗೆ ಸಿಕ್ಕ ಮರ್ಯಾದೆ ನೋಡಿದರೆ ಆ ಧೈರ್ಯ ಎಷ್ಟು ದಿನವೋ. ಇನ್ನೊಂದು ಕಥೆಯೂ ಇದೆ. ಗುಲಾಮರ ವ್ಯಾಪಾರದಿಂದ ಕೊಬ್ಬಿದ ಊರು ಇದು. ಆ ವ್ಯಾಪಾರಿಗಳ ಹೆಸರು ಹೊತ್ತ ಬೀದಿಗಳಿಗೆ ಬೇರೆ ಹೆಸರಿಡಬೇಕು ಎಂಬ ಸಲಹೆ 2006ರಲ್ಲಿ ಬಂತು. ಪೆನ್ನಿ ಎಂಬ ವ್ಯಾಪಾರಿಯೂ ಒಬ್ಬನಿದ್ದನಲ್ಲ ಎಂದು ಯಾರೋ ನೆನಪಿಸಿದರು ನೋಡಿ, ಉತ್ಸಾಹವೆಲ್ಲ ತಣ್ಣಗಾಯಿತು. 2020ರಲ್ಲಿ ಸಿಟ್ಟಾದವರು ಫಲಕಗಳಿಗೆ ಬಣ್ಣ ಬಳಿದರು. ಆಮೇಲೆ ವಸ್ತುಸಂಗ್ರಹಾಲಯದವರು ಕಡತ ತಡಕಿ, ಬೀದಿಗೂ ಆ ಪೆನ್ನಿಗೂ ಸಂಬಂಧವಿದ್ದದ್ದಕ್ಕೆ ಪುರಾವೆ ಇಲ್ಲ ಎಂದರು. ಊರು ನಿಟ್ಟುಸಿರು ಬಿಟ್ಟಿತು. ಇನ್ನುಳಿದ ಬೀದಿಗಳ ಹೆಸರಿನಲ್ಲಿ ಯಾರೂ ಹಾಡು ಬರೆಯಲಿಲ್ಲವಾದ್ದರಿಂದ ಅವುಗಳ ಬಗ್ಗೆ ನಿಟ್ಟುಸಿರು ಬಿಡಬೇಕೋ ಬೇಡವೋ ಗೊತ್ತಾಗಲಿಲ್ಲ.

ಒಂದು ದಿನ ಲಂಡನ್ನಿಗೂ ಹೋದೆವು. ಬ್ರಿಟಿಷ್ ಮ್ಯೂಸಿಯಂ ನೋಡುವ ಆಸೆ ನನ್ನದು. ನಾವು ನೋಡಿದ್ದು ರಸ್ತೆಗೆ ಬಳಿದ ಬಿಳಿ ಪಟ್ಟೆ. ಆಬಿ ರೋಡಿನ ಸ್ಟುಡಿಯೋ ಮುಂದೆ 1969ರ ಆಗಸ್ಟ್ 8ರಂದು ನಾಲ್ವರೂ ತಮ್ಮ ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕಾಗಿ ಸಾಲಾಗಿ ರಸ್ತೆ ದಾಟಿದರು. ಛಾಯಾಗ್ರಾಹಕ ಏಣಿ ಹತ್ತಿ ಆರು ಚಿತ್ರ ತೆಗೆದ. ಹತ್ತು ನಿಮಿಷದ ಕೆಲಸ. 2010ರಲ್ಲಿ ಸರ್ಕಾರ ಆ ಪಾದಚಾರಿ ಪಟ್ಟೆಯನ್ನು ಸಂರಕ್ಷಿತ ಪಾರಂಪರಿಕ ರಚನೆ ಎಂದು ಘೋಷಿಸಿತು. ಅಲ್ಲಿ ದಿನವಿಡೀ ಜನ ನಾಲ್ಕು ನಾಲ್ಕಾಗಿ ದಾಟುತ್ತಾರೆ, ನಡುವೆ ಕಾಲೆತ್ತಿ ನಿಲ್ಲುತ್ತಾರೆ, ಕಾರಿನವರು ಹಾರ್ನ್ ಬಾರಿಸುತ್ತಾರೆ. ರಸ್ತೆಯ ಆಚೆ ಯಾರಿಗೂ ಏನೂ ಕೆಲಸವಿಲ್ಲ. ಹೋದವರು ಮತ್ತೆ ಇದೇ ಪಟ್ಟೆಯ ಮೇಲೆ ವಾಪಸು ಬರುತ್ತಾರೆ. ನಾನು, ಅಳಿಯ, ಹೆಂಡತಿ, ಮೊಮ್ಮಗ ಸಾಲಾದೆವು. ಮಗಳ ಕೈಗೆ ಮೊಬೈಲ್.

"ಅತ್ತೆ, ಮೂರನೆಯವರು ಪಾಲ್. ಬರಿಗಾಲಲ್ಲಿ ನಡೆಯಬೇಕು" ಎಂದ ಅಳಿಯ.

"ತಿರುಪತಿ ಬೆಟ್ಟವನ್ನೇ ಬರಿಗಾಲಲ್ಲಿ ಹತ್ತಿದವಳು ನಾನು. ಟಾರು ರಸ್ತೆಗೆ ಹರಕೆ ಹೊತ್ತಿಲ್ಲ" ಎಂದು ಅವಳು ಸ್ಪೋರ್ಟ್ಸ್ ಶೂಸಿನಲ್ಲೇ ದಾಟಿದಳು.

ಆ ಬರಿಗಾಲು ಮಾಡಿದ ಅನಾಹುತ ಸಣ್ಣದಲ್ಲ. ಪುರಾಣ ಇದ್ದ ಮೇಲೆ ಭಾಷ್ಯಕಾರರು ಇರಲೇಬೇಕಷ್ಟೆ. 1969ರಲ್ಲೇ ಅಮೆರಿಕದಲ್ಲಿ ಗುಲ್ಲೆದ್ದಿತು: ಪಾಲ್ ಮೂರು ವರ್ಷ ಹಿಂದೆಯೇ ಸತ್ತಿದ್ದಾನೆ, ಈಗಿರುವವನು ತದ್ರೂಪಿ. ಆಧಾರ? ಬಿಳಿ ಬಟ್ಟೆಯ ಲೆನನ್ ಪುರೋಹಿತ, ಕಪ್ಪು ಸೂಟಿನ ರಿಂಗೊ ಹೆಣ ಸಾಗಿಸುವವನು, ಬರಿಗಾಲಿನ ಪಾಲ್ ಹೆಣ, ಜೀನ್ಸ್ ತೊಟ್ಟ ಜಾರ್ಜ್ ಗುಂಡಿ ತೋಡುವವನು. ಹಿಂದೆ ನಿಂತ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ನಂಬರಿನಲ್ಲಿ 28 ಇದೆ, ಪಕ್ಕದಲ್ಲಿ 'ಇದ್ದಿದ್ದರೆ' ಎಂದು ಓದಬಹುದಾದ ಎರಡಕ್ಷರವಿದೆ. ಬದುಕಿದ್ದಿದ್ದರೆ ಪಾಲ್‌ಗೆ 28 ಆಗಿರುತ್ತಿತ್ತು. ಅವನಿಗೆ ಆಗ ತುಂಬಿದ್ದು 27 ಎಂದರೆ, ಭಾರತದ ಋಷಿಗಳು ಗರ್ಭದಿಂದಲೇ ವಯಸ್ಸು ಎಣಿಸುತ್ತಾರೆ ಎಂದು ಉತ್ತರ ಕೊಟ್ಟರು! ಕಾರಿನ ನಂಬರು ಫಲಕವನ್ನು ಪದೇ ಪದೇ ಕದ್ದರು. ಸತ್ತವನೆಂದು ಸಾಬೀತಾದ ಪಾಲ್ ಎಂಬತ್ತು ದಾಟಿದ ಮೇಲೂ ಊರೂರು ತಿರುಗಿ ಹಾಡಿದ್ದಾರೆ. ಭಾಷ್ಯಕಾರರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಋಷಿಗಳೆಂದ ಮೇಲೆ ಹೃಷಿಕೇಶ. ಕೆಲವು ವರ್ಷದ ಹಿಂದೆ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಗಂಗೆಯ ದಂಡೆಯ ಮೇಲೆ ಮಹರ್ಷಿ ಮಹೇಶ ಯೋಗಿಗಳ ಆಶ್ರಮ. 1968ರ ಫೆಬ್ರವರಿಯಲ್ಲಿ ನಾಲ್ವರೂ ಅಲ್ಲಿಗೆ ಧ್ಯಾನ ಕಲಿಯಲು ಬಂದಿದ್ದರು. ರಿಂಗೊ ನಮ್ಮ ಊಟ ಒಗ್ಗದೆಂದು ಬೀನ್ಸ್ ಡಬ್ಬಿಗಳನ್ನು ಹೊತ್ತು ತಂದು ಹತ್ತು ದಿನಕ್ಕೇ ಹೊರಟ. ಪಾಲ್ ತಿಂಗಳು ಕಳೆದು ಹೋದ. ಲೆನನ್ ಮತ್ತು ಜಾರ್ಜ್ ಎರಡು ತಿಂಗಳಾದ ಮೇಲೆ ಜಗಳವಾಡಿಕೊಂಡು ಎದ್ದರು. ಲೆನನ್ ಗುರುವನ್ನೇ ಲೇವಡಿ ಮಾಡುವ ಹಾಡು ಕಟ್ಟಿದ. ಮುಂದೆ ಆಶ್ರಮ ಪಾಳುಬಿದ್ದು ಅರಣ್ಯ ಇಲಾಖೆಯ ಕೈಸೇರಿತು. ಹುಲಿ ಸಂರಕ್ಷಿತ ಪ್ರದೇಶದೊಳಗಿನ ಆ ಜಾಗವನ್ನು 2015ರ ಕೊನೆಗೆ ಟಿಕೆಟ್ ಇಟ್ಟು ತೆರೆದರು. ಈಗ ಆಟೋದವನಿಗೆ ಮಹರ್ಷಿಗಳ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಬೀಟಲ್ಸ್ ಆಶ್ರಮ ಎಂದರೆ ಕೂಡಲೇ ಮೀಟರು ತಿರುಗದ ದರ ಹೇಳುತ್ತಾನೆ. ಮುನಿಸಿಕೊಂಡು ಎದ್ದುಹೋದ ಶಿಷ್ಯರ ಹೆಸರಿನಲ್ಲಿ ಗುರುವಿನ ವಿಳಾಸ ಉಳಿದಿದೆ.

ಐದನೆಯ ಅಡ್ಡಗೀಟಿನ ತಕರಾರು ಬಂದದ್ದು ವಾಪಸು ಬರುವ ರೈಲಿನಲ್ಲಿ. ಇದ್ದವರು ನಾಲ್ವರಾದರೆ ಐದನೆಯವನು ಯಾರು ಎಂದು ಮೊಮ್ಮಗ ಕೇಳಿದ. ಪಂಚಪಾಂಡವರು ಎಷ್ಟು ಮಂದಿ ಎಂದರೆ ಮಂಚದ ಕಾಲಿನಂತೆ ಮೂರು ಎಂದವನ ಕಥೆ ನಮ್ಮಲ್ಲಿದೆ. ಇಲ್ಲಿಯೂ ಅಷ್ಟೇ ಗೊಂದಲ. ವ್ಯವಹಾರ ನೋಡಿಕೊಂಡ ಬ್ರಯನ್ ಎಪ್‌ಸ್ಟೀನ್ ಐದನೆಯವನು ಎನ್ನುವವರಿದ್ದಾರೆ. ಹಾಡುಗಳನ್ನು ತಿದ್ದಿ ರೂಪಿಸಿದ ಜಾರ್ಜ್ ಮಾರ್ಟಿನ್ ಎನ್ನುವವರಿದ್ದಾರೆ. ನನ್ನ ಓಟು ಪೀಟ್ ಬೆಸ್ಟ್‌ಗೆ. ಎರಡು ವರ್ಷ ಇವರ ಜೊತೆ ಡ್ರಮ್ ಬಾರಿಸಿ, ಕೀರ್ತಿ ಇನ್ನೇನು ಬಾಗಿಲು ತಟ್ಟಬೇಕು ಎನ್ನುವಾಗ, 1962ರ ಆಗಸ್ಟಿನಲ್ಲಿ ಹೊರದಬ್ಬಿಸಿಕೊಂಡ. ಪಾಂಡವರ ಪಟ್ಟಿಯಲ್ಲಿ ಕರ್ಣನಿಗಿರುವ ಜಾಗವೇ ಅವನದು. ಅಳಿಯ ಒಪ್ಪಲಿಲ್ಲ. ಲಿವರ್‌ಪೂಲ್ ಬರುವವರೆಗೂ ಚರ್ಚೆ ನಡೆಯಿತು. ಎದುರು ಸೀಟಿನ ಅಪರಿಚಿತ ಮುದುಕರೂ ಸೇರಿಕೊಂಡು ಇನ್ನೂ ಎರಡು ಹೆಸರು ಸೇರಿಸಿದರು. ಮೊಮ್ಮಗ ಅದಕ್ಕೂ ಎರಡು ಗೀಟೆಳೆದ.

ಹೊರಡುವ ಹಿಂದಿನ ರಾತ್ರಿ ಲೆಕ್ಕ 119ಕ್ಕೆ ಬಂದು ನಿಂತಿತ್ತು. ಇನ್ನೊಂದು ಸಿಕ್ಕರೆ ಕೊನೆಯ ಅಡ್ಡಗೀಟು ಬಿದ್ದು ಕಟ್ಟು ಪೂರ್ತಿಯಾಗುತ್ತದೆ ಎಂದು ಹುಡುಗ ಚಡಪಡಿಸುತ್ತಿದ್ದ. ಇಥಿಯೋಪಿಯಾದಲ್ಲಿ 1974ರಲ್ಲಿ ಸಿಕ್ಕ 32 ಲಕ್ಷ ವರ್ಷ ಹಿಂದಿನ ಪಳೆಯುಳಿಕೆಗೆ ಲೂಸಿ ಎಂಬ ಹೆಸರು ಬಂದದ್ದು ಶಿಬಿರದಲ್ಲಿ ಹಾಕಿದ್ದ ಬೀಟಲ್ಸ್ ಹಾಡಿನಿಂದ ಎಂದು ಅಳಿಯ ಹೇಳಿ ನೋಡಿದ. ಕಣ್ಣಿಗೆ ಕಂಡಿಲ್ಲ, ಕಿವಿಗೆ ಹಾಡು ಬಿದ್ದಿಲ್ಲ, ಅದು ನಡೆಯುವುದಿಲ್ಲ ಎಂದ ಹುಡುಗ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ಕೂಗು. ಸಿಂಕಿನ ಪಕ್ಕ ಕಪ್ಪಗೆ ಹೊಳೆಯುವ ಜೀರುಂಡೆಯೊಂದು ಮೀಸೆ ತಿರುಗಿಸುತ್ತಾ ನಿಂತಿತ್ತು.

"ಬೀಟಲ್!" ಎಂದು ಕಿರುಚಿದ ಮೊಮ್ಮಗ.

"ಅದು ಬೇರೆ ಸ್ಪೆಲ್ಲಿಂಗ್. ಹುಳಕ್ಕೆ ಎರಡು ಇ, ಇವರಿಗೆ ಇ ಆದ ಮೇಲೆ ಎ" ಎಂದು ಅಳಿಯ ತೀರ್ಪು ಕೊಟ್ಟ.

ಹುಡುಗ ಪ್ರತಿ ಭಾನುವಾರ ಅಲ್ಲಿನ ಕನ್ನಡ ತರಗತಿಗೆ ಹೋಗುತ್ತಾನೆ, ಕಾಗುಣಿತ ಮುಗಿಸಿದ್ದಾನೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡನ್ನೂ ಕನ್ನಡದಲ್ಲಿ ಒಂದರ ಕೆಳಗೊಂದು ಬರೆದ. ಬೀಟಲ್. ಬೀಟಲ್. ಅಪ್ಪನ ಮುಂದೆ ಹಿಡಿದ. ಅಳಿಯ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

ನನ್ನ ಹೆಂಡತಿ ಅಷ್ಟರಲ್ಲಿ ಹುಳವನ್ನು ಒಂದು ಖಾಲಿ ಲೋಟದೊಳಕ್ಕೆ ದೂಡಿ ಮೇಲೆ ತಟ್ಟೆ ಮುಚ್ಚಿದ್ದಳು. ಲೋಟದ ಮೇಲೆ ನಾಲ್ವರು ಸಾಲಾಗಿ ರಸ್ತೆ ದಾಟುತ್ತಿದ್ದರು.