ಪ್ಲಗ್ ಬದಲಿಸಿದರೆ ಸಾಕು ಅನ್ನೋದು ಪೂರ್ತಿ ಸರಿಯಲ್ಲ

'ಬೋಟಿನ ಪೆಟ್ರೋಲ್ ಎಂಜಿನ್ ಆಗಾಗ ಒಂದು ಸಿಲಿಂಡರ್‌ನಲ್ಲಿ ಮಿಸ್ ಹೊಡೆದರೆ ಸ್ಪಾರ್ಕ್ ಪ್ಲಗ್ ಬದಲಿಸಿ, ಅಷ್ಟೇ' ಎಂಬ ಮಾತು ಹರಿದಾಡುತ್ತಿದೆ. ಮಿಸ್ ಅಂದರೆ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಪ್ಲಗ್ ಕಾರಣ ಇರಬಹುದು, ಆದರೆ ಯಾವಾಗಲೂ ಅದೇ ಅಲ್ಲ.

ಬಂದು ಹೋಗುವ ದೋಷ ಹಿಡಿಯುವುದೇ ಕಷ್ಟ, ಅಲ್ವಾ? ಮೊದಲು ಅದು ಯಾವಾಗ ಬರುತ್ತದೆ ನೋಡಿ. ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದ ಮೇಲೆ ಮಿಸ್ ಆದರೆ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಮೇಲೆ ನನಗೆ ಅನುಮಾನ ಜಾಸ್ತಿ. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇದ್ದರೆ, ಎಂಜಿನ್ ನಿಲ್ಲಿಸಿ, ಅನುಮಾನದ ಕಾಯಿಲನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ. ಮಿಸ್ ಕೂಡ ಅಲ್ಲಿಗೇ ಹೋದರೆ ಕಳ್ಳ ಸಿಕ್ಕಿದ ಹಾಗೆ. ಹೋಗದಿದ್ದರೆ ಪ್ಲಗ್, ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಕೂಡ ಒಂದೊಂದಾಗಿಯೇ ಹೀಗೆ ಪರೀಕ್ಷಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ.

ಉಪ್ಪುನೀರಿನ ಬೋಟಿನಲ್ಲಿ ಕನೆಕ್ಟರ್, ಅರ್ತ್ ವೈರಿಗೆ ಹಿಡಿದ ತುಕ್ಕೂ ಇದೇ ಆಟ ಆಡುತ್ತದೆ. ಮಿಸ್ ಬೇರೆ ಬೇರೆ ಸಿಲಿಂಡರ್‌ಗೆ ಜಿಗಿಯುತ್ತಿದ್ದರೆ ಪೆಟ್ರೋಲಿಗೆ ನೀರು ಸೇರಿದೆಯೇ ನೋಡಿ. ಏನು ಮಾಡಿದರೂ ಒಂದೇ ಸಿಲಿಂಡರ್ ಬಿಡದಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಯಬೇಕು.

ಇನ್ನೊಂದು: ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರ್ ಕಿತ್ತು ನೋಡುವ ಹಳೇ ಅಭ್ಯಾಸ ಬಿಡಿ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಪೆಟ್ರೋಲ್ ಆವಿ ನಿಂತಿದ್ದರೆ ಆಗ ಹಾರುವ ಒಂದು ಕಿಡಿಗೇ ಬೆಂಕಿ ಹತ್ತಬಹುದು.